ಆರ್ಗನ್ ಕೃತಿಗಳ ಪಿಯಾನೋ ರೂಪಾಂತರಗಳಲ್ಲಿ ಕಾಲಪ್ರಮಾಣದ ನಿರ್ಣಯ

೧. ಸಮಸ್ಯೆಯ ಸ್ವರೂಪ

ಪಾಶ್ಚಾತ್ಯ ಸಂಗೀತವನ್ನು ಕ್ರಮವಾಗಿ ಅಭ್ಯಾಸಮಾಡುವ ನಮ್ಮ ವಿದ್ಯಾರ್ಥಿಗಳಿಗೆ ಯೋಹಾನ್ ಸೆಬಾಸ್ಟಿಯನ್ ಬಾಖನ (೧೬೮೫–೧೭೫೦) ಆರ್ಗನ್ ಕೃತಿಗಳು ಕೈಗೆ ನಿಲುಕುವುದು ಬಹುಮಟ್ಟಿಗೆ ಪಿಯಾನೋವಿನ ಮೂಲಕವೇ. ದೊಡ್ಡ ಕೊಳವೆಗಳ ಆರ್ಗನ್ ವಾದ್ಯವನ್ನು ಎದುರಿಗೆ ಕುಳಿತು ಕೇಳುವ ಅವಕಾಶ ನಮ್ಮಲ್ಲಿ ವಿರಳ. ಅದನ್ನು ನುಡಿಸಿ ಕಲಿಯುವ ಅವಕಾಶ ಇನ್ನೂ ವಿರಳ. ಧ್ವನಿಮುದ್ರಿಕೆಗಳು ಕೇಳಲು ದೊರೆಯುತ್ತವೆ, ನಿಜ. ಆದರೆ ಒಂದು ಕೃತಿಯ ಒಡಲನ್ನು ಬೆರಳಿನಿಂದ ಮುಟ್ಟಿ ತಿಳಿಯಬೇಕಾದರೆ ಲಿಸ್ಟ್, ಟೌಸಿಗ್, ಬುಸೋನಿ ಮೊದಲಾದವರು ಸಿದ್ಧಪಡಿಸಿದ ಪಿಯಾನೋ ರೂಪಾಂತರಗಳೇ ನಮಗೆ ಆಶ್ರಯ. ಆ ಪುಟಗಳನ್ನು ತೆರೆದಕೂಡಲೇ ಮೊದಲು ಎದುರಾಗುವ ಪ್ರಶ್ನೆ ಇದು: ಇದನ್ನು ಯಾವ ಕಾಲಪ್ರಮಾಣದಲ್ಲಿ ನುಡಿಸಬೇಕು?

ಪ್ರಶ್ನೆಯು ಮೇಲ್ನೋಟಕ್ಕೆ ಚಿಕ್ಕದೆಂದು ತೋರಬಹುದು. ಆದರೆ ಕಾಲಪ್ರಮಾಣ ತಪ್ಪಿದಾಗ ಆಗುವ ಹಾನಿ ಚಿಕ್ಕದಲ್ಲ. ಅತಿ ವಿಳಂಬವಾದರೆ ರಾಗಪಂಕ್ತಿಯು ತುಂಡುತುಂಡಾಗಿ, ಬಾಖನು ನೀರಸನೆಂಬ ಅಭಿಪ್ರಾಯ ಕೇಳುಗನಲ್ಲಿ ನೆಲೆಯೂರುತ್ತದೆ; ಅತಿ ದ್ರುತವಾದರೆ ಫ್ಯೂಗಿನ ಹೆಣಿಗೆಯು ಬೆರಳುಗಳ ಕಸರತ್ತಾಗಿ ಮಾರ್ಪಡುತ್ತದೆ. ಮೂಲವಾದ್ಯವನ್ನು ಕೇಳಿ ತಿದ್ದಿಕೊಳ್ಳುವ ಅನುಕೂಲವಿಲ್ಲದ ವಿದ್ಯಾರ್ಥಿಗೆ ಈ ತಪ್ಪು ಅಭಿಪ್ರಾಯವೇ ಕೊನೆಯವರೆಗೂ ಉಳಿಯುವ ಸಂಭವವುಂಟು. ಆದಕಾರಣ ಕಾಲಪ್ರಮಾಣವನ್ನು ಗೊತ್ತುಮಾಡುವುದಕ್ಕೆ ಯಾವ ಆಧಾರಗಳಿವೆ, ವಾದ್ಯವು ಬದಲಾದಾಗ ಅವುಗಳಲ್ಲಿ ಯಾವುವು ನಿಲ್ಲುತ್ತವೆ, ಯಾವುವು ಸಡಿಲವಾಗುತ್ತವೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇವೆ. ಕೃತಿಗಳನ್ನು ಗುರುತಿಸಲು ಷ್ಮೀಡರನು ೧೯೫೦ರಲ್ಲಿ ಪ್ರಕಟಿಸಿದ ಪಟ್ಟಿಯ ಸಂಖ್ಯೆಗಳನ್ನು ಬಿ.ಡಬ್ಲ್ಯು.ವಿ. ಎಂಬ ವಾಡಿಕೆಯ ಸಂಕೇತದೊಡನೆ ಕೊಟ್ಟಿದ್ದೇವೆ.

೨. ಬರಹದಲ್ಲಿ ದೊರೆಯುವ ಆಧಾರಗಳು

ಮಾಲ್ಜೆಲನು ಮೆಟ್ರೋನೋಮ್ ಯಂತ್ರಕ್ಕೆ ಸ್ವಾಮ್ಯಪತ್ರ ಪಡೆದದ್ದು ೧೮೧೫ರಲ್ಲಿ. ಆ ವೇಳೆಗೆ ಬಾಖನು ತೀರಿಕೊಂಡು ಅರುವತ್ತೈದು ವರ್ಷಗಳಾಗಿದ್ದುವು. ಹೀಗಾಗಿ ಅವನ ಕೃತಿಗಳಿಗೆ ಸಂಖ್ಯಾರೂಪವಾದ ಕಾಲಸೂಚನೆ ಇರುವುದು ಸಾಧ್ಯವೇ ಇಲ್ಲ. ಅಡಾಜಿಯೋ, ಅಲ್ಲೆಗ್ರೋ ಮುಂತಾದ ಇಟಾಲಿಯನ್ ಪದಗಳು ಕೂಡ ಅವನ ಆರ್ಗನ್ ಕೃತಿಗಳಲ್ಲಿ ಅಪರೂಪ. ಆದರೆ ಸೂಚನೆಯಿಲ್ಲವೆಂದ ಮಾತ್ರಕ್ಕೆ ನಿಯಮವೂ ಇರಲಿಲ್ಲವೆಂದು ತಿಳಿಯಬಾರದು. ಬಾಖನ ಶಿಷ್ಯನಾಗಿದ್ದ ಕಿರ್ನ್‌ಬರ್ಗರನು ೧೭೭೧ರಿಂದ ಪ್ರಕಟವಾಗತೊಡಗಿದ ತನ್ನ ಲಕ್ಷಣಗ್ರಂಥದಲ್ಲಿ ಪ್ರತಿಯೊಂದು ತಾಳಚಿಹ್ನೆಗೂ ಅದರದೇ ಆದ ಸಹಜ ಗತಿಯುಂಟೆಂದು ವಿವರಿಸಿದ್ದಾನೆ. ಮಿನಿಮ್‌ಗಳನ್ನು ಎಣಿಸುವ ತಾಳವು ಭಾರವಾಗಿ ಗಂಭೀರವಾಗಿ ನಡೆಯುತ್ತದೆ. ಕ್ವೇವರ್‌ಗಳನ್ನು ಎಣಿಸುವ ತಾಳವು ಹಗುರವಾಗಿ ಚುರುಕಾಗಿ ನಡೆಯುತ್ತದೆ. ಒಂದು ಭಾಗದಲ್ಲಿ ಬರುವ ಅತ್ಯಂತ ಚಿಕ್ಕ ಸ್ವರಗಳು ಆ ನಡೆಯನ್ನು ಇನ್ನಷ್ಟು ಹಿಡಿದು ನಿಲ್ಲಿಸುತ್ತವೆ. ತಾಳಚಿಹ್ನೆ, ಸ್ವರಗಳ ಅಳತೆ, ಅಗತ್ಯವಿದ್ದಲ್ಲಿ ಒಂದು ಇಟಾಲಿಯನ್ ಪದ, ಈ ಮೂರನ್ನು ಕೂಡಿಸಿ ನೋಡಿದರೆ ಆ ಕಾಲದ ವಾದಕನಿಗೆ ಕಾಲಪ್ರಮಾಣವು ಹೆಚ್ಚುಕಡಮೆ ಗೊತ್ತಾಗುತ್ತಿತ್ತು.

ಕ್ವಾಂಟ್ಸನು ೧೭೫೨ರಲ್ಲಿ ಪ್ರಕಟಿಸಿದ ಕೊಳಲುವಾದನದ ಗ್ರಂಥವು ಇದಕ್ಕೆ ಒಂದು ಅಳತೆಗೋಲನ್ನೂ ಒದಗಿಸುತ್ತದೆ. ಆರೋಗ್ಯವಂತನ ನಾಡಿಯು ನಿಮಿಷಕ್ಕೆ ಸುಮಾರು ೮೦ ಬಾರಿ ಮಿಡಿಯುತ್ತದೆಂದು ಹಿಡಿದು, ನಾಲ್ಕು ಕ್ರಾಚೆಟ್‌ಗಳ ತಾಳದಲ್ಲಿ ಅಲ್ಲೆಗ್ರೋ ಅಸ್ಸಾಯಿಗೆ ಮಿನಿಮ್ ಒಂದಕ್ಕೆ ಒಂದು ಮಿಡಿತ, ಅಲ್ಲೆಗ್ರೆಟ್ಟೋವಿಗೆ ಕ್ರಾಚೆಟ್ ಒಂದಕ್ಕೆ ಒಂದು, ಅಡಾಜಿಯೋ ಕಾಂಟಾಬಿಲೆಗೆ ಕ್ವೇವರ್ ಒಂದಕ್ಕೆ ಒಂದು, ಅಡಾಜಿಯೋ ಅಸ್ಸಾಯಿಗೆ ಕ್ವೇವರ್ ಒಂದಕ್ಕೆ ಎರಡು ಎಂದು ಅವನು ವಿಧಿಸುತ್ತಾನೆ. ಕ್ವಾಂಟ್ಸನು ಬರ್ಲಿನ್ ಆಸ್ಥಾನದವನು. ಅವನ ಮಾತನ್ನು ಲೈಪ್‌ಜಿಗಿನ ಬಾಖನಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಆ ಯುಗದಲ್ಲಿ ವೇಗ ಹಾಗೂ ನಿಧಾನಗಳ ನಡುವೆ ಎಷ್ಟು ಅಂತರವಿತ್ತೆಂಬುದನ್ನು ಅದು ತೋರಿಸುತ್ತದೆ. ಬಾಖನು ವಾದ್ಯಗೋಷ್ಠಿಯನ್ನು ನಡೆಸುವಾಗ ಸಾಮಾನ್ಯವಾಗಿ ಚುರುಕಾದ ಕಾಲಪ್ರಮಾಣವನ್ನೇ ಹಿಡಿಯುತ್ತಿದ್ದನೆಂದು ೧೭೫೪ರಲ್ಲಿ ಅಚ್ಚಾದ ಅವನ ಚರಮಲೇಖನ ತಿಳಿಸುತ್ತದೆ. ಅದನ್ನು ಬರೆದವರಲ್ಲಿ ಅವನ ಮಗ ಕಾರ್ಲ್ ಫಿಲಿಪ್ ಎಮಾನುಯೆಲನೂ ಒಬ್ಬನಾದುದರಿಂದ ಈ ಸಾಕ್ಷ್ಯಕ್ಕೆ ಬೆಲೆಯುಂಟು. ಬಾಖನೆಂದರೆ ಭಾರ, ಭಾರವೆಂದರೆ ವಿಳಂಬ ಎಂಬ ರೂಢಿಯ ಭಾವನೆಗೆ ಇದು ಎದುರಾಗಿ ನಿಲ್ಲುತ್ತದೆ.

ರೂಪಾಂತರಕಾರರು ಅಚ್ಚುಮಾಡಿದ ಸೂಚನೆಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಲಿಸ್ಟನು ೧೮೫೨ರಲ್ಲಿ ಹೊರತಂದ ಆರು ಪ್ರೆಲ್ಯೂಡ್ ಮತ್ತು ಫ್ಯೂಗುಗಳು (ಬಿ.ಡಬ್ಲ್ಯು.ವಿ. ೫೪೩–೫೪೮) ಮೂಲಕ್ಕೆ ಬಹಳ ಹತ್ತಿರವಾಗಿವೆ. ಬುಸೋನಿಯು (೧೮೬೬–೧೯೨೪) ೧೮೯೮ರಲ್ಲಿ ಪ್ರಕಟಿಸಿದ ಹತ್ತು ಕೊರಾಲ್ ಪ್ರೆಲ್ಯೂಡುಗಳಲ್ಲಿ ರೂಪಾಂತರಕಾರನ ಕೈ ಹೆಚ್ಚಾಗಿ ಕಾಣುತ್ತದೆ. ಅಲ್ಲಿಯ ಕಾಲಸೂಚನೆ, ಬಲಸೂಚನೆಗಳು ಬುಸೋನಿಯ ಅಭಿಪ್ರಾಯಗಳು, ಬಾಖನ ಆಜ್ಞೆಗಳಲ್ಲ. ಅವುಗಳನ್ನು ಒಬ್ಬ ಮಹಾವಾದಕನ ಸಲಹೆಯೆಂದು ಗೌರವಿಸಬೇಕು. ಮೂಲದ ಪಾಠವೆಂದು ಭ್ರಮಿಸಬಾರದು.

೩. ವಾದ್ಯಗಳ ಭೇದ

ನಮ್ಮ ವಾಚಕರಿಗೆ ಹಾರ್ಮೋನಿಯಂ ಮತ್ತು ವೀಣೆಗಳ ನಡುವಣ ವ್ಯತ್ಯಾಸ ಚೆನ್ನಾಗಿ ಗೊತ್ತಿದೆ. ಹಾರ್ಮೋನಿಯಮ್ಮಿನ ಮನೆಯನ್ನು ಒತ್ತಿ ತಿದಿಯನ್ನು ಒಂದೇ ಸಮನೆ ನಡೆಸುತ್ತಿರುವಷ್ಟು ಕಾಲವೂ ಸ್ವರವು ಒಂದೇ ಬಲದಲ್ಲಿ ನಿಲ್ಲುತ್ತದೆ. ವೀಣೆಯ ತಂತಿಯನ್ನು ಮೀಟಿದ ಕ್ಷಣದಿಂದಲೇ ನಾದವು ಕ್ಷೀಣಿಸತೊಡಗುತ್ತದೆ. ಆರ್ಗನ್ ಮೊದಲನೆಯ ಜಾತಿಗೆ ಸೇರಿದುದು. ಪಿಯಾನೋ ಎರಡನೆಯ ಜಾತಿಗೆ. ಆರ್ಗನ್ನಿನಲ್ಲಿ ಕೊಳವೆಯೊಳಕ್ಕೆ ಗಾಳಿ ಹರಿಯುತ್ತಿರುವವರೆಗೆ ಸ್ವರ ಕುಂದುವುದಿಲ್ಲ. ಪಿಯಾನೋವಿನಲ್ಲಿ ಸುತ್ತಿಗೆಯ ಪೆಟ್ಟು ಬಿದ್ದ ಒಡನೆ ನಾದವು ಮೊದಲು ಶೀಘ್ರವಾಗಿಯೂ ಆಮೇಲೆ ನಿಧಾನವಾಗಿಯೂ ಇಳಿಯುತ್ತದೆ. ಈ ಇಳಿತವು ಮಂದ್ರದಲ್ಲಿ ದೀರ್ಘ, ತಾರದಲ್ಲಿ ಹ್ರಸ್ವ.

ಇದರ ಪರಿಣಾಮವನ್ನು ನೋಡೋಣ. ಎಫ್ ಮೇಜರ್ ಟೊಕ್ಕಾಟದ (ಬಿ.ಡಬ್ಲ್ಯು.ವಿ. ೫೪೦) ಪ್ರಾರಂಭದಲ್ಲಿ ಎರಡು ಸ್ವರಪಂಕ್ತಿಗಳು ಒಂದನ್ನೊಂದು ಅನುಸರಿಸುತ್ತಿರುವಾಗ, ಕೆಳಗೆ ಪಾದಫಲಕದಲ್ಲಿ ಎಫ್ ಸ್ವರವೊಂದೇ ಐವತ್ತಕ್ಕೂ ಹೆಚ್ಚು ಬಾರ್‌ಗಳ ಕಾಲ ನಿಂತಿರುತ್ತದೆ. ಬಾರ್ ಒಂದಕ್ಕೆ ಒಂದು ಸೆಕೆಂಡಿನಂತೆ ನಡೆದರೂ ಅದು ಸುಮಾರು ಮುಕ್ಕಾಲು ನಿಮಿಷಕ್ಕೂ ಮಿಕ್ಕ ಕಾಲ. ಯಾವ ಪಿಯಾನೋವೂ ಇದನ್ನು ಒಂದೇ ಪೆಟ್ಟಿನಿಂದ ಉಳಿಸಿಕೊಳ್ಳಲಾರದು. ನಡುನಡುವೆ ಮತ್ತೆ ಬಾರಿಸಲೇಬೇಕು, ವೈಣಿಕನು ದೀರ್ಘಸ್ವರವನ್ನು ಮರುಮೀಟಿನಿಂದ ಬದುಕಿಸುವಂತೆ. ಇದು ಅತಿಶಯದ ಉದಾಹರಣೆ. ಸಾಧಾರಣ ಕೃತಿಗಳಲ್ಲಿಯೂ ಇದೇ ತೊಡಕು ಸಣ್ಣ ಪ್ರಮಾಣದಲ್ಲಿ ಎಲ್ಲೆಲ್ಲಿಯೂ ಇರುತ್ತದೆ. ದೀರ್ಘಸ್ವರವು ಸಾಯುವ ಮೊದಲೇ ಮುಂದಿನ ಸ್ವರ ಬರಬೇಕೆಂಬ ಒತ್ತಡವು ಪಿಯಾನೋ ವಾದಕನನ್ನು ವೇಗದ ಕಡೆಗೆ ಎಳೆಯುತ್ತದೆ.

ಎರಡನೆಯ ಭೇದವು ಸ್ಥಳಕ್ಕೆ ಸಂಬಂಧಿಸಿದ್ದು. ನಾದವು ನಿಂತ ಮೇಲೆ ಅದರ ಅನುರಣನವು ಅರುವತ್ತು ಡೆಸಿಬೆಲ್ ಇಳಿಯಲು ಹಿಡಿಯುವ ಕಾಲವನ್ನು ಅನುರಣನಕಾಲವೆನ್ನುತ್ತಾರೆ. ವಿಶಾಲವಾದ ಕಲ್ಲಿನ ಇಗರ್ಜಿಯಲ್ಲಿ ಇದು ನಾಲ್ಕು ಸೆಕೆಂಡಿರಬಹುದು; ಚಿಕ್ಕ ಸಭಾಂಗಣದಲ್ಲಿ ಒಂದು ಸೆಕೆಂಡು. ಕ್ರಾಚೆಟ್ ಒಂದಕ್ಕೆ ಒಂದು ಸೆಕೆಂಡಿನಂತೆ ನುಡಿಸುವಾಗ ಸೆಮಿಕ್ವೇವರ್ ಒಂದಕ್ಕೆ ಕಾಲು ಸೆಕೆಂಡು ಬರುತ್ತದೆ. ಆ ಕಾಲು ಸೆಕೆಂಡಿನಲ್ಲಿ ಹಿಂದಿನ ಸ್ವರದ ಮೊಳಗು ಇಗರ್ಜಿಯಲ್ಲಿ ನಾಲ್ಕು ಡೆಸಿಬೆಲ್ಲಿನಷ್ಟೂ ಇಳಿದಿರುವುದಿಲ್ಲ. ಸಭಾಂಗಣದಲ್ಲಿಯಾದರೋ ಹದಿನೈದು ಡೆಸಿಬೆಲ್ ಇಳಿದಿರುತ್ತದೆ. ಎಂದರೆ ಇಗರ್ಜಿಯಲ್ಲಿ ಹಿಂದಿನ ಸ್ವರವು ಮುಂದಿನ ಸ್ವರದ ಮೇಲೆ ಹೆಚ್ಚುಕಡಮೆ ಪೂರ್ಣವಾಗಿ ಹೊದೆದುಕೊಂಡಿರುತ್ತದೆ. ಅಲ್ಲಿ ಕುಳಿತ ಆರ್ಗನ್ ವಾದಕನು ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸಬೇಕು, ಇಲ್ಲವೆ ಕಾಲವನ್ನು ಹಿಡಿಯಬೇಕು. ಪಿಯಾನೋ ವಾದಕನಿಗೆ ಆ ನಿರ್ಬಂಧವಿಲ್ಲ. ಧ್ವನಿಮುದ್ರಿಕೆಯಲ್ಲಿ ಕೇಳಿದ ಆರ್ಗನ್ನಿನ ಕಾಲಪ್ರಮಾಣವನ್ನು ಗಡಿಯಾರ ಹಿಡಿದು ಅಳೆದು ತನ್ನ ಕೊಠಡಿಯ ಪಿಯಾನೋವಿಗೆ ಇಳಿಸಿಕೊಳ್ಳುವ ವಿದ್ಯಾರ್ಥಿಯು, ತನಗಿಲ್ಲದ ಒಂದು ಕಟ್ಟಡಕ್ಕೆ ಕಂದಾಯ ಕಟ್ಟಿದಂತಾಗುತ್ತದೆ.

ಮೂರನೆಯ ಭೇದವು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಎಳೆಯುತ್ತದೆ. ಆರ್ಗನ್ನಿನ ಪಾದಫಲಕದಲ್ಲಿ ಹದಿನಾರು ಅಡಿಯ ಕೊಳವೆಗಳು ಬರೆದ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತವೆ. ಆ ಗಾಂಭೀರ್ಯವನ್ನು ತರಲು ರೂಪಾಂತರಕಾರನು ಎಡಗೈಗೆ ಜೋಡಿಸ್ಥಾಯಿಗಳನ್ನು ಕೊಡುತ್ತಾನೆ. ಅಲ್ಲಿ ಎರಡು ಪಾದಗಳು ಸರದಿಯಂತೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಒಂದೇ ಕೈ ಹಾರಿ ಹಾರಿ ಮಾಡಬೇಕು. ಸಾಲದುದಕ್ಕೆ ನಡುವಣ ಸ್ವರಪಂಕ್ತಿಗಳನ್ನೂ ಹೊರಬೇಕು. ಮಂದ್ರದ ಜೋಡಿಸ್ಥಾಯಿಗಳು ಪಿಯಾನೋ ಪೆಡಲಿನ ಕೆಳಗೆ ಸುಲಭವಾಗಿ ಮಂಜಿನಂತೆ ಮಸುಕಾಗುತ್ತವೆ. ಆದ್ದರಿಂದ ದೀರ್ಘಸ್ವರವು ಮುಂದಕ್ಕೆ ತಳ್ಳಿದರೆ, ದಪ್ಪನಾದ ಬರವಣಿಗೆಯು ಹಿಂದಕ್ಕೆ ಜಗ್ಗುತ್ತದೆ. ಕಾಲಪ್ರಮಾಣದ ನಿರ್ಣಯವೆಂದರೆ ಈ ಎರಡು ಎಳೆತಗಳ ನಡುವೆ ಸಮತೋಲವನ್ನು ಕಾಣುವುದೇ ಆಗಿದೆ.

೪. ಎರಡು ಎಲ್ಲೆಗಳು

ಮೇಲ್ಕಂಡ ವಿಚಾರಗಳಿಂದ ಒಂದು ಕಾರ್ಯಕ್ರಮವನ್ನು ರೂಪಿಸಿಕೊಳ್ಳಬಹುದು. ಮೊದಲು ಕೃತಿಯಲ್ಲಿ ಅತ್ಯಂತ ಚಿಕ್ಕ ಸ್ವರಗಳೂ ಅತ್ಯಂತ ಒತ್ತಾದ ಸ್ವರಮೇಳಗಳೂ ಎಲ್ಲಿವೆಯೆಂದು ಹುಡುಕಬೇಕು. ಆ ಸ್ಥಳವು ಸ್ಪಷ್ಟವಾಗಿ ಕೇಳಿಸುವ ಗರಿಷ್ಠ ವೇಗವೇ ಮೇಲಿನ ಎಲ್ಲೆ. ಅನಂತರ ರಾಗಪಂಕ್ತಿಯಲ್ಲಿ ಅತ್ಯಂತ ದೀರ್ಘವಾಗಿ ನಿಲ್ಲಬೇಕಾದ ಸ್ವರವನ್ನು ಹುಡುಕಬೇಕು. ಅದು ಮುಂದಿನ ಸ್ವರ ಬರುವವರೆಗೆ ಕಿವಿಯಲ್ಲಿ ಉಳಿಯುವ ಕನಿಷ್ಠ ವೇಗವೇ ಕೆಳಗಿನ ಎಲ್ಲೆ. ಇವೆರಡರ ನಡುವೆ ತಾಳಚಿಹ್ನೆಯೂ ಕೃತಿಯ ಭಾವವೂ ಸೂಚಿಸುವ ಬಿಂದುವನ್ನು ಆರಿಸಿಕೊಳ್ಳಬೇಕು. ಅಭ್ಯಾಸದ ಕೊಠಡಿಯಲ್ಲಿ ಗೊತ್ತುಮಾಡಿದ ಬಿಂದುವನ್ನು ಸಭಾಂಗಣದಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು. ಈ ಕ್ರಮವನ್ನು ಕೆಲವು ಕೃತಿಗಳಿಗೆ ಅನ್ವಯಿಸಿ ನೋಡೋಣ.

ಅ) ‘ಇಖ್ ರೂಫ್ ಸು ಡೀರ್’ (ಬಿ.ಡಬ್ಲ್ಯು.ವಿ. ೬೩೯): ಬುಸೋನಿಯ ಹತ್ತು ರೂಪಾಂತರಗಳಲ್ಲಿ ಇದೂ ಒಂದು. ಎಫ್ ಮೈನರಿನ ಈ ಚಿಕ್ಕ ಪ್ರಾರ್ಥನೆಯಲ್ಲಿ ಇರುವುದು ಮೂರೇ ಪಂಕ್ತಿಗಳು: ಮೇಲೆ ಕ್ರಾಚೆಟ್‌ಗಳಲ್ಲಿ ನಡೆಯುವ, ಅಲ್ಲಲ್ಲಿ ಅಲಂಕೃತವಾದ ಸ್ತೋತ್ರದ ರಾಗ; ನಡುವೆ ಎಡೆಬಿಡದೆ ಹರಿಯುವ ಸೆಮಿಕ್ವೇವರ್‌ಗಳು; ಕೆಳಗೆ ಕ್ವೇವರ್‌ಗಳಲ್ಲಿ ಮಿಡಿಯುವ ಮಂದ್ರ. ಕೃತಿಯು ಕೈಗೆ ಸುಲಭವಾದುದರಿಂದ ಮೇಲಿನ ಎಲ್ಲೆಯ ತೊಂದರೆಯಿಲ್ಲ; ಕೆಳಗಿನ ಎಲ್ಲೆಯೇ ಇಲ್ಲಿ ನಿರ್ಣಾಯಕ. ಸ್ತೋತ್ರದ ಮೊದಲ ಸಾಲು ಸುಮಾರು ಎಂಟು ಕ್ರಾಚೆಟ್‌ಗಳಷ್ಟು ಉದ್ದ. ನಿಮಿಷಕ್ಕೆ ೬೦ ಕ್ರಾಚೆಟ್‌ಗಳಾದರೆ ಸಾಲು ಎಂಟು ಸೆಕೆಂಡಿನಲ್ಲಿ ಮುಗಿಯುತ್ತದೆ. ೪೦ ಆದರೆ ಹನ್ನೆರಡು ಸೆಕೆಂಡು. ೩೦ ಆದರೆ ಹದಿನಾರು ಸೆಕೆಂಡು. ಇದು ಮೂಲತಃ ಸಭೆಯು ಹಾಡುವ ರಾಗವೆಂಬುದನ್ನು ನೆನೆದರೆ, ಒಂದೇ ಉಸಿರಿಗೆ ಹದಿನಾರು ಸೆಕೆಂಡಿನ ಸಾಲು ಸಾಮಾನ್ಯ ಗಾಯಕನಿಗೆ ಭಾರವೆಂಬುದು ತಾನಾಗಿಯೇ ತಿಳಿಯುತ್ತದೆ. ಆರ್ಗನ್ನಿಗೆ ಉಸಿರಿನ ದಾರಿದ್ರ್ಯವಿಲ್ಲ. ಆದ್ದರಿಂದ ಅಲ್ಲಿ ಅತಿ ವಿಳಂಬವೂ ಒಂದು ಬಗೆಯಲ್ಲಿ ನಿಲ್ಲುತ್ತದೆ. ಪಿಯಾನೋವಿನಲ್ಲಿ ಎರಡು ಸೆಕೆಂಡಿನ ಒಂದೊಂದು ಕ್ರಾಚೆಟ್ಟೂ ನಡುವಣ ನಾಲ್ಕು ಸೆಮಿಕ್ವೇವರ್‌ಗಳ ಕೆಳಗೆ ಹೂತುಹೋಗುತ್ತದೆ. ೪೪ರಿಂದ ೫೪ರ ಒಳಗೆ ಒಂದು ಬಿಂದುವನ್ನು ಆರಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಅಲ್ಲಿಯೂ ಒಂದು ಉಪಾಯ ಬೇಕು: ರಾಗದ ಮುಂದಿನ ಸ್ವರವನ್ನು ಹೊಸದಾಗಿ ಗಟ್ಟಿಯಾಗಿ ಒತ್ತದೆ, ಹಿಂದಿನ ಸ್ವರವು ಇಳಿದಿರುವ ಮಟ್ಟಕ್ಕೆ ಹೊಂದಿಸಿ ಇಡಬೇಕು. ಹಾಗೆ ಮಾಡಿದಾಗ ಕಿವಿಯು ಎರಡರ ನಡುವಣ ಬಿರುಕನ್ನು ತಾನೇ ತುಂಬಿಕೊಳ್ಳುತ್ತದೆ.

ಆ) ಸಿ ಮೈನರ್ ಪಾಸಕಾಲಿಯ (ಬಿ.ಡಬ್ಲ್ಯು.ವಿ. ೫೮೨): ಇದನ್ನು ಪಿಯಾನೋವಿಗೆ ಅಳವಡಿಸಿದವರಲ್ಲಿ ಯೂಜೆನ್ ಡಾಲ್ಬೆರನೊಬ್ಬನು. ಎಂಟು ಬಾರ್‌ಗಳ ವಿಷಯವು ಮೊದಲು ಪಾದಫಲಕದಲ್ಲಿ ಒಂಟಿಯಾಗಿ ಬಂದು, ಆಮೇಲೆ ಇಪ್ಪತ್ತು ವೇರಿಯೇಷನ್‌ಗಳಾಗಿ ಬೆಳೆದು, ಫ್ಯೂಗಿನಲ್ಲಿ ಮುಕ್ತಾಯವಾಗುತ್ತದೆ. ಮೂರು ಕ್ರಾಚೆಟ್‌ಗಳ ತಾಳ. ನಿಮಿಷಕ್ಕೆ ೬೦ ಕ್ರಾಚೆಟ್‌ಗಳಾದರೆ ವಿಷಯವು ಒಮ್ಮೆ ಸುತ್ತಿಬರಲು ೨೪ ಸೆಕೆಂಡು, ಇಪ್ಪತ್ತೊಂದು ಸುತ್ತುಗಳಿಗೆ ಸುಮಾರು ಎಂಟೂವರೆ ನಿಮಿಷ. ೭೨ ಆದರೆ ಸುತ್ತಿಗೆ ೨೦ ಸೆಕೆಂಡು, ಒಟ್ಟು ಏಳು ನಿಮಿಷ. ಒಂಟಿ ವಿಷಯವನ್ನು ಮಾತ್ರ ನೋಡಿದವನು ಅದರ ಘನತೆಗೆ ಮಾರುಹೋಗಿ ಅತಿ ನಿಧಾನವಾಗಿ ತೊಡಗುತ್ತಾನೆ. ಮುಂದೆ ಸಣ್ಣ ಸ್ವರಗಳು ಬಂದಾಗ ಬೇಸತ್ತು ವೇಗವನ್ನು ಹೆಚ್ಚಿಸುತ್ತಾನೆ. ಆಗ ಪಾಸಕಾಲಿಯದ ಜೀವವೇ ಆದ ಅಚಲವಾದ ಸುತ್ತು ಕದಡಿಹೋಗುತ್ತದೆ. ಹದಿನೇಳನೆಯ ವೇರಿಯೇಷನ್ನಿನಲ್ಲಿ ಒಂದು ಕ್ರಾಚೆಟ್ಟಿಗೆ ಆರು ಸ್ವರಗಳು ಬರುತ್ತವೆ. ೭೨ರಲ್ಲಿ ಅವು ಸೆಕೆಂಡಿಗೆ ಏಳಕ್ಕಿಂತ ತುಸು ಹೆಚ್ಚು, ೯೦ರಲ್ಲಿ ಒಂಬತ್ತು. ಎಡಗೈಯಲ್ಲಿ ಜೋಡಿಸ್ಥಾಯಿಯ ವಿಷಯವನ್ನು ಹೊತ್ತಿರುವಾಗ ಒಂಬತ್ತು ಸ್ವರಗಳ ನಿಚ್ಚಳತೆ ಬಹಳ ಕಷ್ಟ. ಆದುದರಿಂದ ಈ ಕೃತಿಯ ಕಾಲಪ್ರಮಾಣವನ್ನು ಹದಿನೇಳನೆಯ ವೇರಿಯೇಷನ್ನಿನಲ್ಲಿ ಗೊತ್ತುಮಾಡಿಕೊಂಡು, ಅದನ್ನೇ ಮೊದಲ ಬಾರ್‌ಗೆ ಒಯ್ಯಬೇಕು. ಮೊದಲಿನಿಂದ ಕೊನೆಗೆ ಹೋಗುವುದು ವಾದನದ ಕ್ರಮ. ನಿರ್ಣಯದ ಕ್ರಮ ಕೊನೆಯಿಂದ ಮೊದಲಿಗೆ.

ಇ) ಇ-ಫ್ಲಾಟ್ ಮೇಜರ್ ಫ್ಯೂಗ್ (ಬಿ.ಡಬ್ಲ್ಯು.ವಿ. ೫೫೨): ೧೭೩೯ರಲ್ಲಿ ಅಚ್ಚಾದ ಈ ಫ್ಯೂಗಿಗೆ ಮೂರು ಭಾಗಗಳು, ಮೂರು ತಾಳಚಿಹ್ನೆಗಳು. ಮೊದಲನೆಯದರಲ್ಲಿ ಬಾರ್‌ಗೆ ನಾಲ್ಕು ಮಿನಿಮ್, ಎರಡನೆಯದರಲ್ಲಿ ಆರು ಕ್ರಾಚೆಟ್, ಮೂರನೆಯದರಲ್ಲಿ ಹನ್ನೆರಡು ಕ್ವೇವರ್. ಮೊದಲನೆಯ ಭಾಗದ ವಿಷಯವೇ ಉಳಿದೆರಡು ಭಾಗಗಳಲ್ಲಿ ಲಯವನ್ನು ಬದಲಿಸಿಕೊಂಡು ಹೊಸ ವಿಷಯಗಳೊಡನೆ ಕೂಡಿಕೊಳ್ಳುತ್ತದೆ. ಹೀಗಿರುವಲ್ಲಿ ಮೂರಕ್ಕೂ ಬೇರೆ ಬೇರೆ ವೇಗವನ್ನು ಮನಬಂದಂತೆ ಆರಿಸುವುದು ಯುಕ್ತವಲ್ಲ. ಬುಸೋನಿಯ ರೂಪಾಂತರವನ್ನು ನುಡಿಸುವವನು ಒಂದೇ ಮಿಡಿತವನ್ನು ಮೂರರಲ್ಲಿಯೂ ಉಳಿಸಿಕೊಳ್ಳುವ ಮಾರ್ಗವನ್ನು ಪರೀಕ್ಷಿಸಬಹುದು: ಮೊದಲ ಭಾಗದ ಮಿನಿಮ್, ಎರಡನೆಯ ಭಾಗದ ಮೂರು ಕ್ರಾಚೆಟ್‌ಗಳ ಗುಂಪು, ಮೂರನೆಯ ಭಾಗದ ಮೂರು ಕ್ವೇವರ್‌ಗಳ ಗುಂಪು, ಈ ಮೂರೂ ನಿಮಿಷಕ್ಕೆ ೬೦. ಆಗ ಎರಡನೆಯ ಭಾಗದ ಕ್ವೇವರ್‌ಗಳೂ ಮೂರನೆಯ ಭಾಗದ ಸೆಮಿಕ್ವೇವರ್‌ಗಳೂ ಸೆಕೆಂಡಿಗೆ ಆರರಂತೆ ಬಂದು ಕೈಗೆ ಎಟುಕುತ್ತವೆ. ತ್ರಿಕಾಲಗಳಲ್ಲಿ ತಾಳವನ್ನು ಕೆಡಿಸದೆ ಹಾಡುವುದನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಈ ಲೆಕ್ಕವು ಹೊಸದೆನಿಸಲಾರದು. ಇದೊಂದೇ ಮಾರ್ಗವೆಂದು ನಾವು ಹೇಳುವುದಿಲ್ಲ. ಆದರೆ ಭಾಗಗಳ ನಡುವೆ ಯಾವುದಾದರೊಂದು ಸಂಬಂಧವಿರಬೇಕೆಂಬುದು ನಿಶ್ಚಯ.

೫. ಮೌನ ಮತ್ತು ಒತ್ತು

ಡಿ ಮೈನರ್ ಟೊಕ್ಕಾಟ ಮತ್ತು ಫ್ಯೂಗ್ (ಬಿ.ಡಬ್ಲ್ಯು.ವಿ. ೫೬೫) ಟೌಸಿಗ್ ಮತ್ತು ಬುಸೋನಿಯರ ಕೈಯಲ್ಲಿ ಪಿಯಾನೋವಿಗೆ ಇಳಿದು ಬಹಳ ಪ್ರಸಿದ್ಧವಾಗಿದೆ. ಇದರ ಮೂಲ ಹಸ್ತಪ್ರತಿ ಬಾಖನ ಕೈಬರಹದಲ್ಲಿ ದೊರೆತಿಲ್ಲ. ರಿಂಕನೆಂಬುವನು ಮಾಡಿದ ಪ್ರತಿಯೇ ಮುಖ್ಯ ಆಧಾರ. ಕೃತಿಯು ಬಾಖನದೇ ಎಂಬ ವಿಷಯದಲ್ಲಿಯೂ ೧೯೮೧ರಲ್ಲಿ ಪೀಟರ್ ವಿಲಿಯಮ್ಸ್ ಸಂದೇಹವನ್ನು ಎತ್ತಿದರು. ಅದೇನೇ ಇರಲಿ, ಅಡಾಜಿಯೋ, ಪ್ರೆಸ್ಟಿಸ್ಸಿಮೋ ಎಂದು ಹೆಜ್ಜೆಹೆಜ್ಜೆಗೂ ಕಾಲಸೂಚನೆಗಳನ್ನು ಹೊತ್ತ ಈ ಕೃತಿಯು ನಮ್ಮ ವಿಚಾರಕ್ಕೆ ಬೇರೊಂದು ಪಾಠವನ್ನು ಕಲಿಸುತ್ತದೆ.

ಆರಂಭದ ಮಿಂಚಿನಂಥ ಸ್ವರಗುಚ್ಛಗಳ ಅನಂತರ ದೀರ್ಘವಿರಾಮಗಳು ಬರುತ್ತವೆ. ಇಗರ್ಜಿಯಲ್ಲಿ ಆ ವಿರಾಮವು ಬರಿದಲ್ಲ. ಕಮಾನುಗಳ ಕೆಳಗೆ ಮೊಳಗು ಸುತ್ತಾಡಿ ಅದನ್ನು ತುಂಬುತ್ತದೆ. ಚಿಕ್ಕ ಕೊಠಡಿಯಲ್ಲಿ ಅಷ್ಟೇ ಹೊತ್ತು ಕಾದರೆ ಕೇಳುಗನಿಗೆ ವಾದಕನು ಮುಂದಿನ ಸ್ವರವನ್ನು ಮರೆತನೋ ಎಂಬ ಶಂಕೆ ಹುಟ್ಟುತ್ತದೆ. ಅಂತೆಯೇ ಮಂದ್ರದ ಡಿ ಸ್ವರದ ಮೇಲೆ ಒಂದೊಂದೇ ಸ್ವರವನ್ನು ಪೇರಿಸಿ ಕಟ್ಟುವ ಸ್ವರಮೇಳವು ಆರ್ಗನ್ನಿನಲ್ಲಿ ಪ್ರತಿ ಸ್ವರಕ್ಕೂ ಬೆಳೆಯುತ್ತ ಹೋಗುತ್ತದೆ. ಪಿಯಾನೋವಿನಲ್ಲಿ ತುದಿಯನ್ನು ಮುಟ್ಟುವ ವೇಳೆಗೆ ಬುಡವು ಕರಗಿರುತ್ತದೆ. ಆದಕಾರಣ ಇಲ್ಲಿ ವಿರಾಮಗಳನ್ನು ಕುಗ್ಗಿಸಬೇಕು. ಸ್ವರಗಳ ಪೇರಿಕೆಯನ್ನು ತ್ವರೆಗೊಳಿಸಿ, ಮೇಲೇರಿದಂತೆ ಬಲವನ್ನು ಹೆಚ್ಚಿಸಬೇಕು. ಅಡಾಜಿಯೋ ಎಂಬ ಅಕ್ಷರವನ್ನು ಮೀರಿದಂತೆ ಕಂಡರೂ ಅದರ ಅರ್ಥವು ಹೀಗೆ ಮಾಡಿದಾಗಲೇ ಉಳಿಯುತ್ತದೆ.

ಇನ್ನೊಂದು ಮಾತು. ಆರ್ಗನ್ನಿನ ಮನೆಯನ್ನು ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ಕೊಳವೆಯ ಧ್ವನಿಯ ಬಲ ಒಂದೇ. ಆದ್ದರಿಂದ ಒಂದು ಸ್ವರವನ್ನು ಎತ್ತಿ ತೋರಿಸಬೇಕಾದಾಗ ಆರ್ಗನ್ ವಾದಕನು ಅದರ ಹಿಂದೆ ಕಿಂಚಿತ್ ಬಿಡುವು ಕೊಡುತ್ತಾನೆ, ಇಲ್ಲವೆ ಅದನ್ನು ತುಸು ಹಿಗ್ಗಿಸುತ್ತಾನೆ. ಕಾಲವೇ ಅವನ ಒತ್ತು. ಪಿಯಾನೋ ವಾದಕನಿಗೆ ಬೆರಳಿನ ಬಲವೇ ಒತ್ತನ್ನು ಕೊಡುವುದರಿಂದ ಆ ಹಿಗ್ಗಿಸುವಿಕೆಯನ್ನು ಅನುಕರಿಸುವ ಅವಶ್ಯಕತೆಯಿಲ್ಲ. ಬಲದ ಒತ್ತು, ಕಾಲದ ಒತ್ತು ಎರಡನ್ನೂ ಒಂದೇ ಸ್ವರದ ಮೇಲೆ ಹೇರಿದಾಗ ಕೃತಿಯು ಕುಂಟುತ್ತದೆ. ನಮ್ಮ ವಿದ್ಯಾರ್ಥಿಗಳ ವಾದನದಲ್ಲಿ ಇದು ಆಗಾಗ ಕಂಡುಬರುವ ದೋಷ.

೬. ಉಪಸಂಹಾರ

ಇಲ್ಲಿ ಒಂದು ಆಕ್ಷೇಪ ಬರಬಹುದು. ವಾದ್ಯಕ್ಕೆ ತಕ್ಕಂತೆ ಕಾಲಪ್ರಮಾಣವನ್ನು ಬದಲಿಸುವುದಾದರೆ ಮೂಲಕ್ಕೆ ನಿಷ್ಠೆ ಎಲ್ಲಿ ಉಳಿಯಿತು? ಇದಕ್ಕೆ ಬಾಖನ ಆಚರಣೆಯೇ ಉತ್ತರವಾಗಿದೆ. ವಿವಾಲ್ಡಿಯ ತಂತಿವಾದ್ಯಗಳ ಕಾನ್ಸರ್ಟೋಗಳನ್ನು ಅವನು ಆರ್ಗನ್ನಿಗೆ ಅಳವಡಿಸಿದನು (ಬಿ.ಡಬ್ಲ್ಯು.ವಿ. ೫೯೩, ೫೯೬). ೧೭೩೧ರಲ್ಲಿ ರಚಿಸಿದ ತನ್ನ ಕಾಂಟಾಟದಿಂದ ಒಂದು ಭಾಗವನ್ನು ತೆಗೆದು ‘ವಾಖೆಟ್ ಔಫ್’ (ಬಿ.ಡಬ್ಲ್ಯು.ವಿ. ೬೪೫) ಎಂಬ ಕೊರಾಲ್ ಪ್ರೆಲ್ಯೂಡಾಗಿ ಮಾರ್ಪಡಿಸಿದನು, ಬುಸೋನಿಯು ಅದನ್ನೇ ಮತ್ತೊಮ್ಮೆ ಪಿಯಾನೋವಿಗೆ ತಂದನು. ಹೀಗೆ ಆ ರಾಗವು ಗಾಯಕನ ಕಂಠದಿಂದ ಕೊಳವೆಗೂ, ಕೊಳವೆಯಿಂದ ತಂತಿಗೂ ಸಂಚರಿಸಿದೆ. ಈ ಮೂರು ಸ್ಥಿತಿಗಳಲ್ಲಿಯೂ ಬದಲಾಗದೆ ಉಳಿಯಬೇಕಾದದ್ದು ನಿಮಿಷಕ್ಕೆ ಇಷ್ಟು ಎಂಬ ಸಂಖ್ಯೆಯಲ್ಲ. ಸಾಲು ಸಾಲಾಗಿ, ಸ್ವರಮೇಳವು ಸ್ವರಮೇಳವಾಗಿ, ಉಸಿರು ಉಸಿರಾಗಿ ಕೇಳಿಸುವುದು. ಆ ಪ್ರಯೋಜನಕ್ಕಾಗಿ ಸಂಖ್ಯೆಯು ತುಸು ಏರಿಳಿದರೆ ಅದು ನಿಷ್ಠೆಯೇ ಹೊರತು ದ್ರೋಹವಲ್ಲ.

ಆದ್ದರಿಂದ ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಇಷ್ಟೆ. ರೂಪಾಂತರವನ್ನು ತೆರೆಯುವ ಮೊದಲು ಸಾಧ್ಯವಾದರೆ ಮೂರು ಸಾಲುಗಳಲ್ಲಿ ಅಚ್ಚಾದ ಆರ್ಗನ್ ಮೂಲವನ್ನು ನೋಡಿ, ಅಲ್ಲಿ ಯಾವ ಸೂಚನೆಯಿದೆ, ಯಾವುದಿಲ್ಲ ಎಂಬುದನ್ನು ಗುರುತಿಸಿಕೊಳ್ಳಬೇಕು. ಕೊರಾಲ್ ಇದ್ದಲ್ಲಿ ಅದನ್ನು ಒಮ್ಮೆ ಬಾಯಿಬಿಟ್ಟು ಹಾಡಬೇಕು. ಎರಡು ಎಲ್ಲೆಗಳನ್ನು ಕಂಡುಕೊಂಡು ನಡುವಣ ಬಿಂದುವನ್ನು ಬರೆದಿಡಬೇಕು. ಒಂದು ವಾರ ಕಳೆದ ಮೇಲೆ ಬೇರೊಂದು ಕೊಠಡಿಯಲ್ಲಿ, ಬೇರೊಂದು ಪಿಯಾನೋವಿನಲ್ಲಿ ಅದನ್ನು ಪರೀಕ್ಷಿಸಬೇಕು. ಬಿಂದುವು ಸರಿದರೆ ಅಂಜಬೇಕಾದುದಿಲ್ಲ. ಏತಕ್ಕೆ ಸರಿಯಿತೆಂಬುದನ್ನು ಹೇಳಬಲ್ಲವನು ಆ ಕೃತಿಯನ್ನು ಅರಿಯತೊಡಗಿದ್ದಾನೆಂದೇ ತಿಳಿಯಬೇಕು.